ಉದ್ರಿ ಬರೆಯದ ಪ್ರೀತಿ: ನಿಮ್ಮನ್ನು ನೀವು ನೋಡಿಕೊಳ್ಳುವುದು ಎಲ್ಲಿಂದ ಶುರು ಮಾಡಬೇಕು

"ನಂದೇನೈತಿ ಬಿಡ್ರಿ, ಮಕ್ಕಳು ಚೊಲೊ ಇದ್ರ ಸಾಕು." ಬಾಗಲಕೋಟೆ, ಜಮಖಂಡಿ, ಮುಧೋಳ ಕಡೆ ನಲವತ್ತು ದಾಟಿದ ಹೆಣ್ಣುಮಗಳನ್ನು ಹೇಗಿದ್ದೀರಿ ಅಂತ ಕೇಳಿದರೆ ಬರುವ ಉತ್ತರ ಇದು. ಗಂಡಸರ ಧಾಟಿ ಬೇರೆ: "ದುಡಿಯೂ ಎತ್ತಿಗೆ ಏನ್ ಕೇಳ್ತೀರಿ." ಎರಡೂ ದೊಡ್ಡ ಮನಸ್ಸಿನ ಮಾತೇ. ಆದರೆ ಅದೇ ಮನೆಯಲ್ಲಿ ಒಂದು ಜಗಳ ಹತ್ತಲಿ, ನಾದಿನಿಯ ಮದುವೆಯಲ್ಲಿ ತನಗೊಬ್ಬಳಿಗೇ ಕೊಡಿಸದೆ ಬಿಟ್ಟ ಇಳಕಲ್ ಸೀರೆ, ಹದಿನೈದು ವರ್ಷದ ಹಿಂದಿನ ಬಾಣಂತನ, ತಮ್ಮನ ಡಿಪ್ಲೊಮಾಕ್ಕೆ ತುಂಬಿದ ಫೀ, ಒಂದೊಂದೂ ತಿಂಗಳು ವರ್ಷದ ಸಮೇತ ಹೊರಬೀಳುತ್ತದೆ. ಏನೂ ಬೇಡ ಅಂದವರು ಎಲ್ಲವನ್ನೂ ಬರೆದಿಟ್ಟುಕೊಂಡೇ ಇದ್ದರು, ಕಿರಾಣಿ ಅಂಗಡಿಯ ಉದ್ರಿ ಬುಕ್ಕಿನಲ್ಲಿ ಬರೆದ ಹಾಗೆ. ಅಂಗಡಿಯಲ್ಲಾದರೆ ಬರೆಯುವುದು ನಮ್ಮ ಕಣ್ಣೆದುರಿಗೇ ಇರುತ್ತದೆ. ಮನೆಯಲ್ಲಿ ಮಾತ್ರ ತನ್ನ ಹೆಸರಿಗೆ ಇಷ್ಟು ಬಾಕಿ ಇದೆ ಅನ್ನುವುದು ಸಾಲಗಾರನಿಗೇ ಗೊತ್ತಿರುವುದಿಲ್ಲ.

ತನ್ನನ್ನು ತಾನು ಪ್ರೀತಿಸಿಕೊಳ್ಳುವುದು ಅಂದರೆ ಈ ಉದ್ರಿ ನಿಲ್ಲಿಸುವುದು, ನಾನು ತಿಳಿದ ಮಟ್ಟಿಗೆ. ನಿಮಗೆ ಏನು ಬೇಕು ಅನ್ನುವುದನ್ನು ಮೊದಲು ನೀವು ಗುರುತಿಸಬೇಕು, ಆದಷ್ಟನ್ನು ನೀವೇ ಕೊಟ್ಟುಕೊಳ್ಳಬೇಕು, ಉಳಿದದ್ದನ್ನು ಬಾಯಿಬಿಟ್ಟು ಕೇಳಬೇಕು, ಆಗದ್ದಕ್ಕೆ ಆಗೂದಿಲ್ಲ ಅನ್ನಬೇಕು. ರೀಲ್ಸ್‌ನಲ್ಲಿ ಇದಕ್ಕೆ ಫೇಸ್ ಪ್ಯಾಕು, ಗೋವಾ ಟ್ರಿಪ್ಪು ತೋರಿಸುತ್ತಾರೆ. ಅವೂ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಗೋವಾದಿಂದ ವಾಪಸ್ ಬಂದ ಮರುದಿನವೂ ಮನೆಯಲ್ಲಿ ಬಾಯಿ ಮುಚ್ಚಿಕೊಂಡೇ ಇರುವವರಿಗೆ ಅದರಿಂದ ಏನೂ ಆಗುವುದಿಲ್ಲ.

ಮೊದಲ ವಾರ ಬರೀ ನೋಡಿ

ಏನನ್ನೂ ಬದಲಿಸಲು ಹೋಗಬೇಡಿ. ಒಂದು ಸಣ್ಣ ನೋಟ್‌ಬುಕ್ಕು, ಇಲ್ಲವೇ ಮೊಬೈಲಿನ ನೋಟ್ಸು ಸಾಕು. ದಿನದಲ್ಲಿ ಎಲ್ಲೆಲ್ಲಿ ಬಾಯಿ "ಹೂಂ" ಅಂದಿತು, ಹೊಟ್ಟೆಯೊಳಗೆ ಮಾತ್ರ "ಒಲ್ಲೆ" ಅನ್ನಿಸಿತು, ಅಷ್ಟನ್ನು ಒಂದೊಂದು ಸಾಲು ಬರೆಯಿರಿ. ಎದುರಿಗೆ, ಆ ವಿಷಯ ಯಾರಿಗಾದರೂ ಹೇಳಿದಿರಾ ಅನ್ನುವುದನ್ನು ಬರೆಯಿರಿ. ಬಹಳ ಮಂದಿಗೆ ಎದುರಿನ ಸಾಲು ಖಾಲಿಯೇ ಉಳಿಯುತ್ತದೆ.

ಒಂದು ಭಾನುವಾರ ತೆಗೆದುಕೊಳ್ಳಿ. ಹನ್ನೆರಡೂವರೆಗೆ ಗಂಡನ ಕಾಕಾ ಫೋನ್ ಮಾಡಿ, ವಿಜಯಪುರಕ್ಕೆ ಬಂದಿದ್ದೇವೆ, ಊಟಕ್ಕೆ ನಿಮ್ಮಲ್ಲಿಗೇ ಬರುತ್ತೇವೆ ಅನ್ನುತ್ತಾರೆ. ಗಂಡ ಒಳಗೆ ಕೇಳದೆಯೇ "ಬರ್ರಿ ಬರ್ರಿ" ಅನ್ನುತ್ತಾನೆ. ಅವಳು ಹಿಟ್ಟಿನ ಡಬ್ಬಿ ತೆಗೆಯುತ್ತಾಳೆ. ಮುಖ ಹಾಗೇ ಇರುತ್ತದೆ, ಆದರೆ ಹಂಚು ಇಡುವ ಸಪ್ಪಳ ಜೋರಾಗುತ್ತದೆ, ಚಹಾದ ಕಪ್ಪು ಕಟ್ಟೆಯ ಮೇಲೆ ಟಕ್ ಅಂತ ಕೂಡುತ್ತದೆ. "ಏನಾತು?" ಅಂದರೆ "ಏನಿಲ್ಲ". ಬಂದವರು ಉಂಡು ಹೋದ ಮೇಲೆ ಹೋಂವರ್ಕ್ ಮಾಡದ ಮಗನಿಗೆ ಏಟು ಬೀಳುತ್ತದೆ. ಬರೆಯಬೇಕಾದದ್ದು ಇಂಥದ್ದನ್ನೇ: ಪಾತ್ರೆಯ ಸಪ್ಪಳ, ಬಿಗಿದ ಕುತ್ತಿಗೆ, ಸಂಬಂಧವೇ ಇಲ್ಲದವರ ಮೇಲೆ ಹಾರಿದ ಸಿಟ್ಟು. ಉದ್ರಿ ಎಲ್ಲಿ ಶುರುವಾಯಿತು ಅನ್ನುವುದು ಅಲ್ಲಿ ಸಿಗುತ್ತದೆ.

ಗಂಗಾಳ, ನಿದ್ದೆ, ರಕ್ತ

ಮನಸ್ಸಿನ ಮಾತಿಗಿಂತ ಮುಂಚೆ ದೇಹದ ಮಾತು. ನಮ್ಮ ಕಡೆ ರೊಟ್ಟಿ ಬಡಿಯುವವರು ಉಣ್ಣುವುದು ಕೊನೆಗೆ. ಬಿಸಿ ರೊಟ್ಟಿ ಒಂದೊಂದೇ ಗಂಗಾಳಕ್ಕೆ ಹೋಗಬೇಕು ಅನ್ನುವ ಪದ್ಧತಿಯಿಂದ ಬಡಿಯುವವಳ ಪಾಲಿಗೆ ಬರುವುದು ಪಲ್ಯದ ತಳ ಮತ್ತು ಆರಿದ ರೊಟ್ಟಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆಯಾದರೆ ದಣಿವು, ತಲೆಸುತ್ತು, ಕಿರಿಕಿರಿ ಬರುತ್ತವೆ. ಮನೆಯವರು ಅದಕ್ಕೆ "ಆಕಿ ಸ್ವಭಾವನ ಹಂಗ" ಅಂತ ಹೆಸರಿಡುತ್ತಾರೆ.

ಹಾಗಾಗಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್ ನೋಡಿಸಿ. ಗರ್ಭಿಣಿಯಲ್ಲದ ಹೆಂಗಸಿಗೆ 12 ಗ್ರಾಮ್‌ಗಿಂತ ಕಡಿಮೆ ಇದ್ದರೆ ಡಾಕ್ಟರ್ ಹೇಳಿದಂತೆ ಗುಳಿಗೆ ತೆಗೆದುಕೊಳ್ಳಿ. ಊಟದ ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ಒಂದು ತಾಸು ಬಿಡಿ. ಊಟದಲ್ಲಿ ನಿಂಬೆಹುಳಿ ಇದ್ದರೆ ಚೆನ್ನಾಗಿ ಹತ್ತುತ್ತದೆ, ಇಂಡಿ ನಿಂಬೆ ತಿನ್ನುವ ನಮಗೆ ಅದೇನು ಕಷ್ಟವಲ್ಲ.

ಊಟದ ಪದ್ಧತಿ ಬದಲಿಸಲು ದೊಡ್ಡ ಕ್ರಾಂತಿ ಬೇಕಿಲ್ಲ. ವಾರದಲ್ಲಿ ಎರಡು ರಾತ್ರಿ ಖಡಕ್ ರೊಟ್ಟಿಯ ದಿನ ಅಂತ ಮಾಡಿ. ರೊಟ್ಟಿ ಮೊದಲೇ ಆಗಿರುತ್ತದೆ ಅಥವಾ ಅಂಗಡಿಯಿಂದ ಬಂದಿರುತ್ತದೆ, ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ ಇರುತ್ತದೆ, ಎಲ್ಲರೂ ಒಟ್ಟಿಗೇ ಕೂತು ಉಣ್ಣಬಹುದು. ಬಿಸಿ ರೊಟ್ಟಿಯೇ ಬೇಕು ಅನ್ನುವವರಿಗೆ ಒಲೆಯ ಮುಂದೆ ಜಾಗ ತೋರಿಸಿ. ನಿದ್ದೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ: ದೊಡ್ಡವರಿಗೆ ಏಳು ತಾಸಾದರೂ ಬೇಕು. ರಾತ್ರಿ ಹನ್ನೊಂದಕ್ಕೆ ಶುರುವಾದ ಗಂಡ ಹೆಂಡಿರ ಪಂಚಾಯ್ತಿ ಒಂದೂ ನೆಟ್ಟಗೆ ಮುಗಿದಿದ್ದನ್ನು ನಾನು ಕೇಳಿಲ್ಲ.

ಒಳಗೆ ಮಾತಾಡುವವರು ಯಾರು?

ಹಾಲು ಉಕ್ಕಿದರೆ "ಥೂ, ನಾನೊಬ್ಬಾಕಿ ದಡ್ಡಿ". ವ್ಯಾಪಾರದಲ್ಲಿ ಲುಕ್ಸಾನಾದರೆ "ನನ್ನ ಹಣೆಬರಹನ ಇಷ್ಟು". ಇದೇ ಮಾತನ್ನು ನಿಮ್ಮ ತಂಗಿಗೆ ಬೇರೆ ಯಾರಾದರೂ ಅಂದರೆ ನೀವು ಜಗಳಕ್ಕೇ ನಿಲ್ಲುತ್ತೀರಿ.

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ತನ್ನ ಬಗ್ಗೆ ತಾನು ತೋರಿಸುವ ಕರುಣೆಯನ್ನು ಅಳೆಯಲು ಒಂದು ಪ್ರಶ್ನಾವಳಿ ರೂಪಿಸಿದರು. ಅದರಲ್ಲಿ ಮೂರು ಸಂಗತಿಗಳಿವೆ: ತನ್ನೊಡನೆ ಮೆತ್ತಗೆ ಮಾತಾಡುವುದು, ಈ ತಪ್ಪು ಈ ನೋವು ನನಗೊಬ್ಬಳಿಗೇ ಬಂದದ್ದಲ್ಲ ಎಂದು ನೆನೆಸುವುದು, ಆಗಿದ್ದನ್ನು ಗುಡ್ಡ ಮಾಡದೆ, ಮುಚ್ಚಿಯೂ ಇಡದೆ ಇದ್ದಂತೆ ನೋಡುವುದು. ಮುಂದೆ 2013ರಲ್ಲಿ ಅವರೂ ಇನ್ನೊಬ್ಬ ಸಂಶೋಧಕಿಯೂ ನೂರಕ್ಕೂ ಹೆಚ್ಚು ಜೋಡಿಗಳನ್ನು ಅಧ್ಯಯನ ಮಾಡಿದಾಗ, ತಮ್ಮ ಬಗ್ಗೆ ಕರುಣೆ ಇದ್ದವರನ್ನು ಅವರ ಸಂಗಾತಿಗಳೇ ಹೆಚ್ಚು ಅಕ್ಕರೆಯವರು, ಕಡಿಮೆ ಹತೋಟಿ ಮಾಡುವವರು, ಮಾತಿನಲ್ಲಿ ಕಡಿಮೆ ಚುಚ್ಚುವವರು ಎಂದು ಹೇಳಿದರು. ಸಂಗಾತಿಗಳು ಹೇಳಿದ್ದು ಅನ್ನುವುದು ಮುಖ್ಯ. ನಾನು ಒಳ್ಳೆಯವನು ಅಂತ ನಾವೇ ಹೇಳಿಕೊಳ್ಳುವುದಕ್ಕೆ ಅಷ್ಟು ಬೆಲೆ ಇಲ್ಲ.

ಯಾಕೆ ಹೀಗಾಗುತ್ತದೆ ಅನ್ನುವುದನ್ನು ಅಡುಗೆಮನೆಯಲ್ಲೇ ನೋಡಬಹುದು. "ಇವತ್ತ ಸಾರಿಗೆ ಉಪ್ಪ ಸ್ವಲ್ಪ ಹೆಚ್ಚಾಗೈತಿ" ಅಂತ ಗಂಡ ಅನ್ನುತ್ತಾನೆ. ಒಳಗೆ ಮೊದಲೇ "ನೀ ಲಾಯಕ್ಕಿಲ್ಲ" ಅನ್ನುವ ದನಿ ಇದ್ದವಳಿಗೆ ಅವನ ಮಾತೂ ಅದೇ ಆಗಿ ಕೇಳಿಸುತ್ತದೆ. ಅವಳು ಅಳುತ್ತಾಳೆ, ಇಲ್ಲವೇ ಅವನ ತಾಯಿಯ ಕೈರುಚಿಯವರೆಗೂ ಹೋಗುತ್ತಾಳೆ. ಆ ದನಿ ಇಲ್ಲದವಳು "ಹೌದೇನು? ಮೊಸರು ಹಾಕ್ಕೋರಿ" ಅಂದು ಮುಗಿಸುತ್ತಾಳೆ. ಉಪ್ಪು ಅಷ್ಟೇ, ಮಾತೂ ಅಷ್ಟೇ.

ಮಾಡುವುದು ಹೀಗೆ. ನಿಮ್ಮನ್ನು ನೀವು ಬೈದುಕೊಂಡದ್ದು ಗೊತ್ತಾದ ಕೂಡಲೇ ಅದೇ ಸಂಗತಿಯನ್ನು ನಿಮ್ಮ ಅಕ್ಕ ಬಂದು ಹೇಳಿಕೊಂಡಿದ್ದರೆ ಏನು ಅನ್ನುತ್ತಿದ್ದಿರಿ ಅಂತ ಕೇಳಿಕೊಳ್ಳಿ. ಆ ಮಾತನ್ನು ನಿಮ್ಮ ಹೆಸರು ಹಿಡಿದು, ಬೇಕಾದರೆ ಮನಸ್ಸಿನಲ್ಲೇ, ಹೇಳಿಕೊಳ್ಳಿ: "ಹಾಲು ಉಕ್ಕಿತಲ್ಲಾ, ಇರಲಿ ತಗೋ, ಮುಂಜಾನಿಂದ ಕೂತಿಲ್ಲ ನೀನು." ಹೆಸರು ಹಿಡಿದು ಮಾತಾಡಿಸಿಕೊಂಡರೆ ಉದ್ವೇಗ ಇಳಿಯುತ್ತದೆ ಅನ್ನುವುದನ್ನು ಮಿಶಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಅವರ ಜತೆಗಾರರು 2014ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಶುರುವಿನಲ್ಲಿ ನಗು ಬರುತ್ತದೆ. ಬರಲಿ.

ಕೇಳುವ ಮುಂಚೆ ಒಂದು ಎಚ್ಚರಿಕೆ

ಮುಂದಿನ ಹೆಜ್ಜೆ ಬಾಯಿಬಿಟ್ಟು ಮಾತಾಡುವುದು. ಮಾತಾಡಿದರೆ ಕೈ ಎತ್ತುವ ಮನೆ ನಿಮ್ಮದಾಗಿದ್ದರೆ ಈ ಹೆಜ್ಜೆ ನಿಮಗಲ್ಲ. ಹೊಡೆತಕ್ಕೆ ಮದ್ದು ಹೊಡೆಸಿಕೊಂಡವರ ಸ್ವಪ್ರೀತಿಯಲ್ಲಿ ಇರುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೊಡೆತವನ್ನಷ್ಟೇ ಅಲ್ಲ, ಹೀನಾಯ ಬೈಗುಳವನ್ನೂ ಖರ್ಚಿಗೆ ರೊಕ್ಕ ಕೊಡದೆ ಕಾಡುವುದನ್ನೂ ದೌರ್ಜನ್ಯ ಅನ್ನುತ್ತದೆ. ಗಂಡನ ಮನೆಯಲ್ಲೇ ವಾಸ ಮಾಡುವ ಹಕ್ಕನ್ನೂ ಕೊಡುತ್ತದೆ. ನಮ್ಮ ರಾಜ್ಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಇದರ ಸಂರಕ್ಷಣಾಧಿಕಾರಿ, ಅಂಗನವಾಡಿ ಅಕ್ಕನನ್ನು ಕೇಳಿದರೆ ಆಫೀಸು ಎಲ್ಲಿ ಅಂತ ಹೇಳುತ್ತಾರೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಎರಡು ವಾರ ದಾಟಿದರೂ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಊಟ ಕೆಟ್ಟಿದೆ, ಸಾಯಬೇಕು ಅನ್ನಿಸುತ್ತಿದೆ ಅಂದರೆ ಅದು ಕಾಯಿಲೆ, ನೋಟ್‌ಬುಕ್ಕಿನಿಂದ ಹೋಗುವುದಿಲ್ಲ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ವಿಭಾಗ ಇದೆ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಕೂಡ ನಮಗೆ ದೂರವಲ್ಲ. ಧಾರವಾಡಕ್ಕೆ ಹೋದರು ಅಂದರೆ ನಗುವ ಕಾಲ ಒಂದಿತ್ತು, ಆ ನಗುವಿನಿಂದ ಎಷ್ಟು ಮಂದಿಯ ಬಾಳು ಹಾಳಾಗಿದೆಯೋ.

ಕೇಳುವುದು, ಆಗೂದಿಲ್ಲ ಅನ್ನುವುದು

"ನನಗ ಯಾರೂ ಕೈ ಹಚ್ಚೂದಿಲ್ಲ" ಅನ್ನುವುದು ದೂರು. ಅದನ್ನು ಕೇಳಿದವರು ಅಪರಾಧಿಯಾಗುತ್ತಾರೆ, ಏನು ಮಾಡಬೇಕು ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. "ರೀ, ನಳ ಬಂದ ದಿನ ನೀರು ತುಂಬೂದು ಇನ್ಮ್ಯಾಲ ನಿಮ್ಮ ಕೆಲಸ" ಅನ್ನಿ. ಯಾವಾಗ, ಯಾವ ಕೆಲಸ, ಯಾರು, ಮೂರೂ ಅದರಲ್ಲಿದೆ. ಎಂಟು ದಿನಕ್ಕೊಮ್ಮೆ ನೀರು ಬರುವ ಓಣಿಯಲ್ಲಿ ಇದು ಸಣ್ಣ ಕೆಲಸವೂ ಅಲ್ಲ.

ಅತ್ತೆಯ ಹತ್ತಿರ ಕೇಳುವುದು ಇನ್ನೂ ನಾಜೂಕು. ಸೊಸೆ ಹೀಗನ್ನಬಹುದು:

"ಅತ್ತೀ, ಇವತ್ತ ನಡಾ ಭಾಳ ನೋಯಾಕತ್ತೈತ್ರಿ. ಒಂದ್ ತಾಸು ಅಡ್ಡಾಗ್ತೀನ್ರಿ, ಎದ್ದು ಸಂಜಿ ಅಡಗಿ ನೋಡ್ತೀನ್ರಿ."

"ನಮ್ಮ ಕಾಲದಾಗ ನಾವು ಹಡದು ತಿಂಗಳಾಗೂದ್ರಾಗ ಹೊಲಕ್ಕ ಹೋಗಿದ್ವಿ, ಯವ್ವಾ."

"ಹೌದ್ರಿ ಅತ್ತೀ, ನೀವು ಭಾಳ ಕಷ್ಟಾ ಉಂಡೀರಿ."

ಇಷ್ಟು ಹೇಳಿ ಹೋಗಿ ಮಲಗಬೇಕು. ವಾದ ಬೇಡ, ಮುಖ ತಿರುವುವುದೂ ಬೇಡ. ಅತ್ತೆಯ ಆ ಮಾತು ಕೂಡ ಹಳೆಯ ಉದ್ರಿಯೇ. ಆಗ ಅವರಿಗೆ ಯಾರೂ "ಮಲಗು" ಅಂದಿರಲಿಲ್ಲ, ಈಗ ಅದರ ವಸೂಲಿ ಸೊಸೆಯ ಹತ್ತಿರ ನಡೆದಿದೆ. ಅವರ ಕಷ್ಟವನ್ನು ಕಷ್ಟ ಅಂತ ಒಪ್ಪಿದರೆ ಅರ್ಧ ಬಿಸಿ ಅಲ್ಲೇ ಇಳಿಯುತ್ತದೆ. ಉಳಿದರ್ಧ ಸಂಜೆ ನೀವು ಹೇಳಿದಂತೆ ಎದ್ದು ಅಡುಗೆಗೆ ನಿಂತಾಗ ಇಳಿಯುತ್ತದೆ. ಕೊಟ್ಟ ಮಾತು ಉಳಿಸಿಕೊಂಡವರ "ಆಗೂದಿಲ್ಲ"ಕ್ಕೆ ಬೆಲೆ ಜಾಸ್ತಿ.

ಇನ್ನು ರೊಕ್ಕದ ವಿಷಯದ "ಒಲ್ಲೆ". ಬೆಳಗಾವಿ ಸೀಮೆಯಲ್ಲಿ ಸೊಸೈಟಿ ಸಾಲಕ್ಕೆ ಜಾಮೀನು ಸಹಿ ಹಾಕುವುದು ಅಣ್ಣತಮ್ಮಂದಿರ ನಡುವೆ ಚಹಾ ಕುಡಿದಷ್ಟು ಸಲೀಸು. 1872ರ ಭಾರತೀಯ ಒಪ್ಪಂದ ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಜಾಮೀನು ನಿಂತವನ ಹೊಣೆ ಸಾಲ ತೆಗೆದುಕೊಂಡವನ ಹೊಣೆಯಷ್ಟೇ. ಅಂದರೆ ಸಹಿ ಹಾಕಿದ ದಿನವೇ ಆ ಸಾಲ ನಿಮ್ಮದೂ ಆಯಿತು. ತೀರಿಸುವ ಶಕ್ತಿ ಮನಸ್ಸು ಎರಡೂ ಇದ್ದರೆ ಹಾಕಿ. ಇಲ್ಲದಿದ್ದರೆ ಹೇಳುವ ಮಾತು ಇದು: "ಅಣ್ಣಾ, ಜಾಮೀನಿಗೆ ನಾ ಸಹಿ ಮಾಡೂದಿಲ್ಲ. ಹುಡುಗಿ ಫೀಗೆ ಬೇಕಂದ್ರ ಐದು ಸಾವಿರ ಕೊಡ್ತೀನಿ, ಅದು ತಿರುಗಿ ಕೊಡೂದು ಬ್ಯಾಡ."

ಇಲ್ಲಿ ಎರಡು ಜಾಗದಲ್ಲಿ ಎಡವುತ್ತಾರೆ. ಒಂದು, ಹತ್ತು ಕಾರಣ ಕೊಡುವುದು. ಒಂದೊಂದು ಕಾರಣಕ್ಕೂ ಅಣ್ಣನ ಹತ್ತಿರ ಒಂದೊಂದು ಉತ್ತರ ಇರುತ್ತದೆ, ಹತ್ತೂ ಮುಗಿದ ಮೇಲೆ ಪೆನ್ನು ನಿಮ್ಮ ಕೈಯಲ್ಲಿರುತ್ತದೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು: "ನಮ್ಮಾಕಿ ಒಪ್ಪೂದಿಲ್ಲಣ್ಣಾ" ಅಂತ ಹೆಂಡತಿಯ ಹೆಸರು ಹೇಳಿ ಜಾರಿಕೊಳ್ಳುವುದು. ನಿಮ್ಮ ಮುಖ ಉಳಿಯಿತು, ಆದರೆ ಮುಂದಿನ ಹಬ್ಬದಿಂದ ವೈನಿ ಅವಳೊಡನೆ ಮಾತು ಬಿಟ್ಟಿರುತ್ತಾರೆ. ಅವಳಿಗೆ ಕಾರಣವೂ ಗೊತ್ತಿರುವುದಿಲ್ಲ.

ತಟ್ಟನೆ "ಆಗೂದಿಲ್ಲ" ಅನ್ನಲು ನಾಲಿಗೆ ಏಳದವರಿಗೆ ಒಂದು ಮಧ್ಯದ ಮಾತಿದೆ: "ನಾಳಿ ಮುಂಜಾನೆ ಹೇಳ್ತೀನ್ರಿ." ಆ ಒಂದು ರಾತ್ರಿಯಲ್ಲಿ ಹೊಟ್ಟೆಯ ಮಾತು ಬಾಯಿಗೆ ಬರುತ್ತದೆ. ಮುಂಜಾನೆ ನೀವೇ ಫೋನ್ ಮಾಡಿ ಹೇಳಬೇಕು ಅನ್ನುವುದು ಷರತ್ತು. ಅವರು ಮರೆಯಲಿ ಅಂತ ಕಾಯುತ್ತ ಕೂಡುವಂತಿಲ್ಲ.

ರೊಕ್ಕ, ಗೆಳತಿ, ಗೆಳೆಯ

ನಿಮ್ಮ ಹೆಸರಿನ ಖಾತೆಯಲ್ಲಿ ನೀವು ಯಾರಿಗೂ ಲೆಕ್ಕ ಕೊಡದ ಸ್ವಲ್ಪ ರೊಕ್ಕ ಇರಲಿ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬರುತ್ತಿದ್ದರೆ ಅದು ಬಂದ ದಿನವೇ ಇನ್ನೊಬ್ಬರ ಫೋನ್‌ಪೇಗೆ ಹೋಗುತ್ತದೆಯಾ ಅಂತ ನೋಡಿ. ಪೂರ್ತಿ ಹಿಡಿದಿಡಿ ಅನ್ನುವುದಿಲ್ಲ. ಇನ್ನೂರು ಮುನ್ನೂರು ಉಳಿದರೂ ಕೇಳದೆ ಒಂದು ರವಿಕೆ ಹೊಲಿಸಬಹುದು. ಶಕ್ತಿ ಯೋಜನೆ ಬಂದದ್ದು 2023ರ ಜೂನ್ 11ಕ್ಕೆ, ಅವತ್ತಿನಿಂದ ಸಾದಾ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಬಾಗಲಕೋಟೆಯ ನವನಗರದಿಂದ ವಿಜಯಪುರದ ಗೆಳತಿಯ ಮನೆಗೆ ಹೋಗಿ ಸಂಜೆಯೊಳಗೆ ಬರುವುದು ಆಗದ ಮಾತಲ್ಲ. ತವರಿನ ಗೆಳತಿಯರನ್ನು ಮದುವೆಯ ದಿನಕ್ಕೇ ಬಿಟ್ಟುಬಿಡುವ ನಮ್ಮ ಪದ್ಧತಿಯಿಂದ, ಒಬ್ಬ ಗಂಡನೇ ಗೆಳೆಯ, ಅಣ್ಣ, ಡಾಕ್ಟರ್ ಎಲ್ಲ ಆಗಬೇಕಾಗುತ್ತದೆ. ಯಾವ ಗಂಡನಿಂದಲೂ ಅಷ್ಟು ಆಗುವುದಿಲ್ಲ, ಪಾಪ.

ಗಂಡಸರೇ, ಇದನ್ನು ಹೆಂಡತಿಗೆ ಫಾರ್ವರ್ಡ್ ಮಾಡಿ ಕೈ ತೊಳೆದುಕೊಳ್ಳಬೇಡಿ. ಫ್ಯಾಕ್ಟರಿಯಿಂದ ಕಬ್ಬಿನ ಬಿಲ್ಲು ಬಂದಿಲ್ಲ, ಗೊಬ್ಬರದ ಅಂಗಡಿಯವನು ಎರಡು ಸಲ ಫೋನ್ ಮಾಡಿದ್ದಾನೆ, ಮನೆಗೆ ಬಂದವನು ಅದನ್ನು ಹೇಳುವುದಿಲ್ಲ. ಟಿವಿ ದನಿ ಜೋರಾಯಿತು ಅಂತ ಮಗಳನ್ನು ಗದರಿಸುತ್ತಾನೆ, ಉಣ್ಣದೆ ಏಳುತ್ತಾನೆ, ಕೆಲವರು ಬಾಟಲಿ ಹುಡುಕಿಕೊಂಡು ಹೋಗುತ್ತಾರೆ. "ಬಿಲ್ಲು ಬಂದಿಲ್ಲ, ಚಿಂತಿ ಹತ್ತೈತಿ, ಇವತ್ತ ನನ್ನ ಒಂದೀಟು ಬಿಟ್ಟುಬಿಡ್ರಿ" ಅನ್ನುವ ಒಂದು ಸಾಲಿಗೆ ಖರ್ಚೇನಿಲ್ಲ. ಕಟ್ಟೆಯ ಮೇಲೆ ದಿನಾ ರಾಜಕೀಯ ಮಾತಾಡುವ ಗೆಳೆಯರಲ್ಲಿ ಒಬ್ಬನಿಗಾದರೂ ನಿಮ್ಮ ಖರೇ ಸ್ಥಿತಿ ಗೊತ್ತಿರಲಿ.

ಜಗಳ ಹತ್ತಿದಾಗ

ಎದೆ ಬಡಿತ ಏರಿ, ಮುಖ ಬಿಸಿಯಾಗಿ, ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗದ ಹಂತಕ್ಕೆ ಬಂದರೆ ನಿಲ್ಲಿಸಿ. ದಂಪತಿಗಳ ಜಗಳವನ್ನೇ ದಶಕಗಟ್ಟಲೆ ಅಧ್ಯಯನ ಮಾಡಿದ ಜಾನ್ ಗಾಟ್ಮನ್ ಇಂಥ ಹೊತ್ತಿನಲ್ಲಿ ಕಡಿಮೆಯೆಂದರೂ 20 ನಿಮಿಷ ದೂರ ಇರಲು ಹೇಳುತ್ತಾರೆ, ದೇಹ ತಣ್ಣಗಾಗಲು ಅಷ್ಟು ಹೊತ್ತು ಬೇಕು. ಬಾಗಿಲು ಬಡಿದು ಎದ್ದು ಹೋದರೆ ಅದು ಜಗಳದ ಮುಂದುವರಿಕೆ. "ನನಗ ತಲಿ ಕೆಟ್ಟೈತಿ, ಅರ್ಧ ತಾಸಿಗೆ ಬರ್ತೀನಿ, ಆಮ್ಯಾಲ ಮಾತಾಡೂಣು" ಅಂತ ವಾಪಸ್ ಬರುವ ಹೊತ್ತು ಹೇಳಿ ಹೋಗಿ, ಹೇಳಿದ ಹೊತ್ತಿಗೆ ಬನ್ನಿ. ಆ ಅರ್ಧ ತಾಸಿನಲ್ಲಿ ಮುಂದಿನ ಬಾಣ ಮಸೆಯಬೇಡಿ, ಓಣಿಯ ತುದಿಯವರೆಗೆ ನಡೆದು ಬನ್ನಿ.

ತಪ್ಪು ನಿಮ್ಮದಾಗಿದ್ದರೆ ಮಾಡಿದ ಕೆಲಸಕ್ಕೆ ತಪ್ಪಾಯಿತು ಅನ್ನಿ: "ಮಂದಿ ಮುಂದ ನಿನಗ ಹಂಗ ಅನಬಾರದಿತ್ತು." "ನಾನು ಕೆಟ್ಟವನ ಬಿಡು, ನಿನಗ ನನ್ನಂಥವ ಸಿಗಬಾರದಿತ್ತು" ಅನ್ನುವುದು ಕ್ಷಮೆಯ ಹಾಗೆ ಕೇಳಿಸುತ್ತದೆ, ಆದರೆ ನೊಂದವಳೇ ಎದ್ದು ನೋಯಿಸಿದವನನ್ನು ಸಮಾಧಾನ ಮಾಡಬೇಕಾಗುತ್ತದೆ.

ಮನೆಯವರು ತಿರುಗಿ ಬಿದ್ದಾಗ

ಬೀಳುತ್ತಾರೆ. ಇಷ್ಟು ವರ್ಷ ಕೇಳದೆಯೇ ಸಿಕ್ಕಿದ್ದು ಈಗ ಕೇಳಿದರೂ ಸಿಗುವುದಿಲ್ಲ ಅಂದರೆ ಯಾರಿಗಾದರೂ ಕಿರಿಕಿರಿಯೇ. "ಇತ್ತಿತ್ಲಾಗ ಭಾಳ ಬದಲಾಗ್ಯಾಳ", "ಮೊಬೈಲ್ ನೋಡಿ ಕೆಟ್ಟಾಳ" ಅನ್ನುವ ಮಾತು ಬಂದರೆ ವಿವರಣೆಗೆ ಇಳಿಯಬೇಡಿ. ಎಲ್ಲವನ್ನೂ ಒಂದೇ ಸಲ ಬದಲಿಸಲು ಹೋದವರು ಎಂಟು ದಿನದಲ್ಲಿ ಕೈಬಿಡುತ್ತಾರೆ. ಅದಕ್ಕೇ ಒಂದು ತಿಂಗಳಿಗೆ ಒಂದೇ ಕೇಳಿಕೆ, ಒಂದೇ "ಆಗೂದಿಲ್ಲ" ಇಟ್ಟುಕೊಳ್ಳಿ. ಅದು ಮನೆಯಲ್ಲಿ ರೂಢಿಯಾದ ಮೇಲೆ ಮುಂದಿನದು.

ಹಳೆಯ ಬಾಕಿಯ ಬಗ್ಗೆಯೂ ಕೇಳುತ್ತಾರೆ: ಇಷ್ಟು ವರ್ಷ ಮಾಡಿದ್ದರ ಗತಿ ಏನು? ನನ್ನ ಅಭಿಪ್ರಾಯದಲ್ಲಿ ಅದರಲ್ಲಿ ಬಹುಪಾಲನ್ನು ಕಾಟು ಹಾಕಬೇಕು, ಯಾಕೆಂದರೆ ಸಾಲಗಾರನಿಗೆ ಗೊತ್ತಿಲ್ಲದ ಸಾಲ ವಸೂಲಾಗುವುದಿಲ್ಲ. ಆದರೆ ಒಂದೋ ಎರಡೋ ನಿಜವಾಗಿ ಎದೆಯಲ್ಲಿ ಚುಚ್ಚುತ್ತಿರುತ್ತವೆ. ಅವನ್ನು ಜಗಳವಿಲ್ಲದ ದಿನ ನೋಡಿ, ಮಕ್ಕಳು ಮಲಗಿದ ಮೇಲೆ, ಒಂದೊಂದಾಗಿ ಹೇಳಿ: "ಆ ಬಾಣಂತನದಾಗ ನನ್ನ ಒಬ್ಬಾಕಿನ್ನ ಬಿಟ್ಟು ಹೋಗಿದ್ರಿ, ಅದು ನನಗ ಇನ್ನೂ ನೆನಪಾಕೈತಿ. ಏನೂ ಮಾಡೂದು ಬ್ಯಾಡ, ನಿಮಗ ಗೊತ್ತಿರ್ಲಿ ಅಂತ ಹೇಳಿದೆ." ಎದುರಿನವರು ಅವತ್ತೇ ತಪ್ಪಾಯಿತು ಅನ್ನುತ್ತಾರೆ ಅಂತ ಕಾಯಬೇಡಿ. ಕೆಲವರಿಗೆ ನಾಲ್ಕು ದಿನ ಬೇಕಾಗುತ್ತದೆ, ಕೆಲವರು ಬಾಯಲ್ಲಿ ಹೇಳದೆ ಮರುದಿನ ಮುಂಜಾನೆ ತಾವೇ ಎದ್ದು ಚಹಾಕ್ಕೆ ಇಡುತ್ತಾರೆ, ಇನ್ನು ಕೆಲವರಿಗೆ ಅದು ಯಾವತ್ತೂ ಆಗುವುದಿಲ್ಲ.